ರೌತಾಲನ ಕುಂಟು

ಟೆನಿಸ್ ಪಂದ್ಯ ನೋಡಲು ಕುವೊಪಿಯೊ ಪಟ್ಟಣಕ್ಕೆ ಹೊರಟ ಆ ಭಾನುವಾರ ಬೆಳಗಿನ ಹಾಲು ಕರೆದವರು ನಾವೇ. ಬದಲಿ ಕೆಲಸಕ್ಕೆ ಬರುವ ಮೆರ್ವಿ ಸಂಜೆಯ ಸರದಿಗೆ ಮಾತ್ರ ಬರುತ್ತೇನೆ ಎಂದಿದ್ದಳು. ಹಸು ಸಾಕುವವರಿಗೆ ವರ್ಷಕ್ಕೆ ಇಪ್ಪತ್ತಾರು ದಿನ ರಜೆ. ಆ ದಿನಗಳಲ್ಲಿ ನಮ್ಮ ಬದಲು ಹಾಲು ಕರೆಯಲು, ಮೇವು ಹಾಕಲು, ಸೆಗಣಿ ಬಾಚಲು ಪುರಸಭೆಯವರು ಒಬ್ಬರನ್ನು ಕಳಿಸುತ್ತಾರೆ. ನಮ್ಮ ಪಾಲಿಗೆ ಬಂದವಳು ಮೆರ್ವಿ. ಗಟ್ಟಿ ಕೈಯವಳು, ಹಸುಗಳೂ ಅವಳಿಗೆ ಒಗ್ಗಿವೆ.

ಆರು ವರ್ಷದಿಂದ ನನ್ನ ಗಂಡ ಓಸ್ಮೊ ತನ್ನ ರಜೆಯನ್ನೆಲ್ಲ ರೌತಾಲನಿಗೆ ಕೊಟ್ಟಿದ್ದಾನೆ. ಅವನ ಜೊತೆಗೆ ನನ್ನ ರಜೆಯೂ ಹೋಗುತ್ತದೆ.

ರೌತಾಲ ಟೆನಿಸ್ ಬಿಟ್ಟು ಹದಿನೆಂಟು ವರ್ಷವಾಯಿತು. ಈಗ ವಸಂತದಲ್ಲಿ ಒಂದು ಸುತ್ತು, ಹಿಮ ಬೀಳುವ ಮುಂಚೆ ಒಂದು ಸುತ್ತು, ಊರೂರಿಗೆ ಹೋಗಿ ಪ್ರದರ್ಶನ ಪಂದ್ಯ ಆಡುತ್ತಾನೆ. ಎದುರಾಳಿ ಯಾವಾಗಲೂ ಡೆನ್ಮಾರ್ಕಿನ ಬ್ರಾಸ್ಕ್. ಹೊಟ್ಟೆ ಬಂದಿರುವ, ನಗುಮುಖದ ಮನುಷ್ಯ. ಮೊದಲ ಸೆಟ್ಟು ಇವನಿಗೆ, ಎರಡನೆಯದು ಅವನಿಗೆ, ಕೊನೆಯ ಟೈಬ್ರೇಕ್ ಮತ್ತೆ ಇವನಿಗೆ. ಇದು ನೋಡಲು ಬಂದವರಿಗೆಲ್ಲ ಗೊತ್ತು. ಗೊತ್ತಿದ್ದೇ ಬರುತ್ತಾರೆ.

ಅವರು ಕಾಯುವುದು ಕುಂಟಿಗೆ. ರೌತಾಲ ತನ್ನ ಜೀವನದ ದೊಡ್ಡ ಫೈನಲ್ ಗೆದ್ದದ್ದು ಎಡಗಾಲು ಕುಂಟುತ್ತ. ಅವತ್ತು ನಮ್ಮ ದೇಶದಲ್ಲಿ ಟೀವಿ ಇದ್ದ ಮನೆಯವರೆಲ್ಲ ಅವನ ಆ ಕಾಲನ್ನೇ ನೋಡುತ್ತ ಕೂತಿದ್ದರು. ಈಗ ಪ್ರತಿ ಪಂದ್ಯದ ಎರಡನೆಯ ಸೆಟ್ಟಿನಲ್ಲಿ ಅವನು ಆ ಕುಂಟನ್ನು ಆಡಿ ತೋರಿಸುತ್ತಾನೆ. ಮೊಣಕಾಲು ಹಿಡಿದುಕೊಂಡು, ರ‍್ಯಾಕೆಟ್ಟನ್ನು ಊರುಗೋಲು ಮಾಡಿಕೊಂಡು, ನೆಟ್ಟಿನ ತನಕ ಎಳೆದುಕೊಂಡು ಹೋಗುತ್ತಾನೆ. ಬ್ರಾಸ್ಕ್ ಬಂದು ತಾತನಿಗೆ ರಸ್ತೆ ದಾಟಿಸುವ ಹಾಗೆ ಮೊಣಕೈ ಹಿಡಿದು ನಡೆಸುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ರೌತಾಲ ಒಮ್ಮೆಲೇ ಕಾಲು ಝಾಡಿಸಿ ಓಡಿಹೋಗಿ ಒಂದು ಏಸ್ ಹೊಡೆಯುತ್ತಾನೆ, ಎದುರಾಳಿ ಮುಟ್ಟಲೂ ಆಗದ ಸರ್ವ್. ಮುಗಿಯಿತು.

ನಾನು ಇದನ್ನು ಐವತ್ತಕ್ಕೂ ಹೆಚ್ಚು ಸಲ ನೋಡಿದ್ದೇನೆ. ನನಗೆ ಸಾಕಾಗಿತ್ತು. ರೌತಾಲನ ಮೇಲೆ ಸಿಟ್ಟೇನೂ ಇರಲಿಲ್ಲ. ನನಗೆ ಅರವತ್ತೆರಡು, ಸೊಂಟ ಹಿಡಿದುಕೊಂಡಿದೆ. ಅಷ್ಟು ದೂರ ಕಾರಿನಲ್ಲಿ ಕೂತು, ಇಷ್ಟು ಹೊತ್ತು ಹಲಗೆಯ ಮೇಲೆ ಕೂತು, ಮತ್ತೆ ಕಾರಿನಲ್ಲಿ ಕೂತು ಮನೆಗೆ ಬಂದರೆ ರಜೆ ಮುಗಿದಿರುತ್ತದೆ. ಆ ವರ್ಷ ನಾಲ್ಕು ದಿನ ಉಳಿದಿದ್ದವು. ನವೆಂಬರಿನಲ್ಲಿ ಔಲು ಮತ್ತು ರೊವಾನಿಯೆಮಿ ಊರುಗಳ ಪಂದ್ಯ, ಎರಡೆರಡು ದಿನ, ಅಲ್ಲಿಗೆ ಸರಿ. ನನಗೆ ಬೇಕಾಗಿದ್ದದ್ದು ಬೇರೆ. ಬೆಳಗಿನ ಐದು ಗಂಟೆಗೆ ನನ್ನ ಹಾಸಿಗೆಯಲ್ಲೇ ಮಲಗಿದ್ದು, ಕೊಟ್ಟಿಗೆಯಲ್ಲಿ ಬೇರೆ ಯಾರೋ ಹಾಲು ಕರೆಯುವ ಯಂತ್ರದ ಸದ್ದನ್ನು ಕೇಳಬೇಕು. ಕೇಳುತ್ತ ಮತ್ತೆ ನಿದ್ದೆ ಹೋಗಬೇಕು. ನಲವತ್ತು ವರ್ಷದಲ್ಲಿ ಇದೊಂದು ಆಗಿರಲಿಲ್ಲ. ರೌತಾಲನಿಗೂ ಮುಂಚಿನ ರಜೆಗಳು ಹುಲ್ಲು ಕೊಯ್ಲಿಗೇ ಹೋಗುತ್ತಿದ್ದವು.

ಇದನ್ನು ಓಸ್ಮೊಗೆ ಹೇಳಬೇಕೆಂದು ಬೇಸಿಗೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದೆ. ಹೇಳದೆ ಇದ್ದದ್ದಕ್ಕೆ ಕಾರಣ ಒಂದೇ. ನನ್ನ ಗಂಡ ಮನೆಯಲ್ಲಿ ನಗುವವನಲ್ಲ. ಮಾತೂ ಕಡಿಮೆ. ಹಸುವಿನ ವಿಷಯ, ಹವೆಯ ವಿಷಯ, ಊಟ ಆಯಿತು ಅನ್ನುವ ವಿಷಯ. ಆರು ವರ್ಷದ ಹಿಂದೆ ಯಾರೋ ಕೊಟ್ಟ ಟಿಕೇಟಿನಲ್ಲಿ ಮೊದಲ ಸಲ ಈ ಪಂದ್ಯಕ್ಕೆ ಹೋದಾಗ ಪಕ್ಕದಲ್ಲಿ ಯಾರೋ ಗಟ್ಟಿಯಾಗಿ ನಕ್ಕರು. ಯಾರಪ್ಪ ಇದು ಎಂದು ತಿರುಗಿ ನೋಡಿದೆ. ಓಸ್ಮೊ. ಆ ದನಿ ಅವನಲ್ಲಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅದನ್ನು ಅವನ ಕೈಯಿಂದ ಕಿತ್ತುಕೊಳ್ಳುವುದು ಹೇಗೆ?

ಹನ್ನೆರಡಕ್ಕೆ ಕ್ರೀಡಾಂಗಣ ತಲುಪಿದೆವು. ನಮ್ಮ ಸಾಲಿನವರು ಆಗಲೇ ಬಂದಿದ್ದರು. ನಾವಿಬ್ಬರೂ ಸೇರಿ ಎಂಟು ಜನ, ಎಲ್ಲರಿಗೂ ಒಂದೇ ಬಗೆಯ ನೀಲಿ ಉಣ್ಣೆಯ ಮಫ್ಲರು. ಅವನ್ನು ಹೆಣೆದವಳು ರಾಯ್ಲಿ, ಊರೂರಿಗೆ ಅಂಚೆ ಹಂಚಿ ನಿವೃತ್ತಳಾದವಳು. ಅವಳ ಪಕ್ಕ ಆರ್ವೊ, ಮೊದಲು ಬಸ್ ಓಡಿಸುತ್ತಿದ್ದ.

“ಬಂದ್ರಪ್ಪ ಕೊಟ್ಟಿಗೆಯವರು,” ಅಂದ ಆರ್ವೊ. “ಹಿಲ್ಕ, ಇವತ್ತು ಕೈ ತೊಳ್ಕೊಂಡು ಬಂದಿದೀಯಾ ಇಲ್ವಾ?”

“ನಿನ್ನ ಮೂಗು ಇನ್ನೂ ಕೆಲಸ ಮಾಡ್ತಿದೆ ಅಂದ್ರೆ ಸಂತೋಷ,” ಅಂದೆ. “ಬೇರೆ ಯಾವ್ದೂ ಮಾಡ್ತಿಲ್ಲ ಅಂತ ನಿನ್ನ ಹೆಂಡ್ತಿ ಹೇಳ್ತಿದ್ಲು.”

ರಾಯ್ಲಿ ಹೆಣಿಗೆಯಿಂದ ತಲೆ ಎತ್ತದೆ ನಕ್ಕಳು. ಬುಟ್ಟಿಯಿಂದ ಏಲಕ್ಕಿ ಬನ್ನು ತೆಗೆದು ನನ್ನ ಕೈಗಿಟ್ಟಳು. “ತಿನ್ನು. ಮುಖ ಯಾಕೆ ಹಂಗಿದೆ? ನಿದ್ದೆ ಇಲ್ವಾ?”

“ನಿದ್ದೇನೇ ಇಲ್ಲ ಮಾರಾಯ್ತಿ.”

“ಔಲುಲಿ ಒಳ್ಳೆ ಹೋಟ್ಲು ನೋಡಿದೀನಿ. ಅಲ್ಲಿ ಮಲಗು.”

ನಾನು ಬನ್ನು ಕಚ್ಚಿದೆ. ಓಸ್ಮೊ ಆಗಲೇ ಮಫ್ಲರು ಸುತ್ತಿಕೊಂಡು ಮುಂದಕ್ಕೆ ಬಾಗಿ ಕೂತಿದ್ದ.

ಮೊದಲ ಸೆಟ್ಟು ಎಂದಿನಂತೆ ಆಯಿತು. ರೌತಾಲನ ಬ್ಯಾಕ್‌ಹ್ಯಾಂಡ್ ಈಗಲೂ ನೋಡುವ ಹಾಗಿದೆ, ಚೆಂಡು ಅವನ ಹತ್ತಿರ ಬಂದರೆ. ದೂರ ಬಿದ್ದದ್ದಕ್ಕೆ ಅವನು ಕೈ ಬೀಸಿ ಬೀಳ್ಕೊಡುತ್ತಾನೆ. ಅದಕ್ಕೂ ಜನ ನಗುತ್ತಾರೆ. ನಮ್ಮ ಸಾಲು ಮೊದಲು ನಗುತ್ತದೆ, ಆಮೇಲೆ ಉಳಿದವರು. ಹೊಸಬರಿಗೆ ಎಲ್ಲಿ ನಗಬೇಕೆಂದು ತಿಳಿಯುವುದು ನಮ್ಮಿಂದಲೇ. ಅವನೂ ಆಗಾಗ ನಮ್ಮ ಕಡೆ ಒಂದು ನೋಟ ಹಾಕಿ, ನಾವು ಸಿದ್ಧರಿದ್ದೇವೆಯೆ ಎಂದು ನೋಡಿಕೊಳ್ಳುತ್ತಾನೆ.

ಎರಡನೆಯ ಸೆಟ್ಟು ಮೂರು ಮೂರಕ್ಕೆ ಬಂತು. ರೌತಾಲ ಒಂದು ಚೆಂಡಿಗೆ ಪಕ್ಕಕ್ಕೆ ಕಾಲು ಚಾಚಿದ, ನಿಂತ, ಮೊಣಕಾಲು ಹಿಡಿದುಕೊಂಡ. ಓಸ್ಮೊ ನನ್ನ ತೋಳಿಗೆ ತಿವಿದ. “ಬಂತು ನೋಡು.” ಆರ್ವೊ ಆಗಲೇ ಖೊಕ್ ಎಂದು ನಕ್ಕಿದ್ದ. ರೌತಾಲ ಕುಂಟಿದ. ಇಡೀ ಕ್ರೀಡಾಂಗಣ ನಕ್ಕಿತು. ಬ್ರಾಸ್ಕ್ ಓಡಿ ಬಂದು ಮೊಣಕೈ ಹಿಡಿದ, ತಾತನನ್ನು ನಡೆಸಿದ. ಓಸ್ಮೊ ಕಣ್ಣೊರೆಸಿಕೊಳ್ಳುತ್ತಿದ್ದ.

ನಾನೂ ಅಭ್ಯಾಸದಿಂದ ತುಟಿ ಅಗಲಿಸಿದ್ದೆ. ಆದರೆ ಏನೋ ಸರಿಯಿರಲಿಲ್ಲ. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು.

ಹಸು ಕುಂಟುತ್ತಿದೆಯೇ ಎಂದು ನೋಡುವಾಗ ಹೊಸಬರು ಕಾಲು ನೋಡುತ್ತಾರೆ. ನಾವು ತಲೆ ನೋಡುತ್ತೇವೆ. ನೋವಿರುವ ಕಾಲನ್ನು ಊರುವಾಗ ತಲೆ ಮೇಲಕ್ಕೆ ಹೋಗುತ್ತದೆ, ಸರಿಯಾದ ಕಾಲಿಗೆ ಭಾರ ಬಿದ್ದಾಗ ಕೆಳಗೆ ಇಳಿಯುತ್ತದೆ. ಹೆಜ್ಜೆ ಹೆಜ್ಜೆಗೂ ಹೌದು ಹೌದು ಅನ್ನುವ ಹಾಗೆ. ಇದನ್ನು ಮುಚ್ಚಿಡಲು ಯಾವ ಪ್ರಾಣಿಗೂ ಬರುವುದಿಲ್ಲ. ರೌತಾಲ ಕುಂಟನ್ನು ಆಡಿ ತೋರಿಸುವಾಗ ಅವನ ತಲೆ ಅಲುಗುವುದಿಲ್ಲ. ಜನರ ಮುಖ ನೋಡುತ್ತಿರುತ್ತಾನಲ್ಲ, ಅದಕ್ಕೆ. ಇವತ್ತು ತಲೆ ಏಳುತ್ತಿತ್ತು, ಇಳಿಯುತ್ತಿತ್ತು. ಅವನು ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಬ್ರಾಸ್ಕ್ ಅವನ ಕೈ ಬಿಟ್ಟು ತನ್ನ ಕಡೆಗೆ ಹೋದ. ರೌತಾಲ ಓಡಲಿಲ್ಲ. ನಡೆದು ಹೋಗಿ ಗೆರೆಯ ಹಿಂದೆ ನಿಂತು ಸರ್ವ್ ಮಾಡಿದ. ಚೆಂಡು ನೆಟ್ಟಿಗೆ ಬಿತ್ತು. ಜನ ಇನ್ನಷ್ಟು ನಕ್ಕರು. ಇವತ್ತು ತಮಾಷೆ ಉದ್ದ ಮಾಡಿದ್ದಾನೆ ಎಂದುಕೊಂಡರು. ಟವೆಲ್ಲು ತರಲು ನಾಲ್ಕು ಹೆಜ್ಜೆ ಹೋದ. ಏಳುತ್ತ, ಇಳಿಯುತ್ತ. ನಗು ನಿಲ್ಲಲಿಲ್ಲ. ಕೈ ಎತ್ತಿ ಏನೋ ಹೇಳಲು ನೋಡಿದ. ಅದಕ್ಕೆ ಚಪ್ಪಾಳೆ ಬಂತು.

ಸುಮ್ಮನಿರಬಹುದಿತ್ತು. ಇನ್ನು ಹತ್ತು ನಿಮಿಷದಲ್ಲಿ ಯಾರಿಗಾದರೂ ತಿಳಿಯುತ್ತಿತ್ತು. ನನ್ನ ಪಕ್ಕದಲ್ಲಿ ನನ್ನ ಗಂಡ, ಮನೆಯಲ್ಲಿ ವರ್ಷವಿಡೀ ನಗದವನು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಆ ನಗುವನ್ನು ನೋಡಿದೆ. ಆಮೇಲೆ ಅವನ ತೋಳು ಹಿಡಿದೆ.

“ಓಸ್ಮೊ, ಅದು ಆಟ ಅಲ್ಲ.”

“ಸುಮ್ನಿರು, ಈಗ ಏಸ್ ಹೊಡೀತಾನೆ.”

“ಹೊಡಿಯಲ್ಲ. ತಲೆ ನೋಡು.”

“ಏನಾಗಿದೆ ತಲೆಗೆ?”

“ಕೊಟ್ಟಿಗೇಲಿ ನೋಡೋ ಹಂಗೆ ನೋಡು.”

ಅವನು ನೋಡಿದ. ರೌತಾಲ ಟವೆಲ್ಲು ಇಟ್ಟು ಹಿಂತಿರುಗಿ ನಡೆಯುತ್ತಿದ್ದ. ಓಸ್ಮೊನ ಮುಖದಲ್ಲಿ ನಗು ಒಮ್ಮೆಲೇ ಹೋಗಲಿಲ್ಲ. ಮೊದಲು ಕಣ್ಣಿಂದ ಹೋಯಿತು, ಬಾಯಿ ಸ್ವಲ್ಪ ಹೊತ್ತು ಹಾಗೇ ತೆರೆದಿತ್ತು.

“ಎಡಗಾಲು,” ಅಂದ ಮೆತ್ತಗೆ. “ಮಂಡಿ. ಕೆಟ್ಟದಾಗೇ ಆಗಿದೆ.”

ಆಮೇಲೆ ಅವನು ಆ ಕಡೆ ಬಾಗಿ ಆರ್ವೊನ ತೊಡೆಯ ಮೇಲೆ ಕೈಯಿಟ್ಟ. “ನಗ್ಬೇಡ.”

“ಯಾಕೋ?”

“ನಿಜವಾಗ್ಲೂ ನೋವಾಗಿದೆ ಅವ್ನಿಗೆ. ರಾಯ್ಲಿ, ಆ ಕಡೆಯವ್ರಿಗೂ ಹೇಳು.”

ಆರ್ವೊ ಏನೋ ಹೇಳಲು ಹೋದವನು ಓಸ್ಮೊನ ಮುಖ ನೋಡಿ ಬಾಯಿ ಮುಚ್ಚಿದ. ರಾಯ್ಲಿ ಹೆಣಿಗೆಯನ್ನು ಮಡಿಲಲ್ಲಿಟ್ಟಳು. ಮಾತು ಸಾಲಿನ ಕೊನೆ ತನಕ ಹೋಯಿತು. ಎಂಟು ನೀಲಿ ಮಫ್ಲರುಗಳು ಸುಮ್ಮನಾದವು. ಹಿಂದಿನ ಸಾಲಿನವರು ನಮ್ಮನ್ನು ನೋಡಿ ನಗು ತಗ್ಗಿಸಿದರು, ಅವರನ್ನು ನೋಡಿ ಅವರ ಹಿಂದಿನವರು. ನೋಡನೋಡುತ್ತ ಆ ಕಡೆಯ ಗೋಡೆಯ ತನಕ ಸದ್ದು ಆರಿಹೋಯಿತು.

ರೌತಾಲ ತಲೆ ಎತ್ತಿ ನಮ್ಮ ಸಾಲನ್ನು ನೋಡಿದ. ಆರು ವರ್ಷದಲ್ಲಿ ಅವನು ಅಷ್ಟು ಹೊತ್ತು ನಮ್ಮನ್ನು ನೋಡಿದ್ದಿಲ್ಲ. ಬೆವರಿನಲ್ಲಿ ಮುಖ ಬೂದಿಯ ಬಣ್ಣಕ್ಕಿತ್ತು. ರ‍್ಯಾಕೆಟ್ಟನ್ನು ನೆಲಕ್ಕೆ ಬಿಟ್ಟು, ಇದ್ದಲ್ಲೇ ನಿಧಾನವಾಗಿ ಕೂತ. ಬ್ರಾಸ್ಕ್ ಈ ಸಲ ನಿಜವಾಗಿ ಓಡಿ ಬಂದ.

ಅವನನ್ನು ಎರಡು ಕಡೆ ಹಿಡಿದು ಒಳಗೆ ಕರೆದುಕೊಂಡು ಹೋದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಾಲು ಗಂಟೆಯ ಮೇಲೆ ಧ್ವನಿವರ್ಧಕದಲ್ಲಿ ಹೇಳಿದರು: ಇವತ್ತಿನ ಪಂದ್ಯ ಇಲ್ಲಿಗೆ ಮುಗಿಯಿತು, ಔಲುವಿನಲ್ಲಿ ಬೇರೊಬ್ಬರು ಆಡುತ್ತಾರೆ, ರೌತಾಲ ಬಂದು ಅಂಗಳದ ಪಕ್ಕದಲ್ಲಿ ಕೂರುತ್ತಾನೆ.

“ಗುಣ ಆಗತ್ತೆ ಬಿಡು,” ಅಂದಳು ರಾಯ್ಲಿ, ನೂಲು ಸುತ್ತಿಕೊಳ್ಳುತ್ತ. “ವಸಂತದ ಹೊತ್ತಿಗೆ ಎದ್ದು ಓಡಾಡ್ತಾನೆ.”

ಮನೆಯ ಕಡೆಗೆ ಈಸಲ್ಮಿಯ ದಾರಿಯಲ್ಲಿ ಓಸ್ಮೊ ಅರ್ಧ ಗಂಟೆ ಕಾರು ಓಡಿಸಿದ. ಮೂರೂವರೆಯ ಬೆಳಕು ಆಗಲೇ ತೆಳುವಾಗಿತ್ತು, ಉತ್ತ ಹೊಲಗಳು ಒದ್ದೆಯಾಗಿ ಬಿದ್ದುಕೊಂಡಿದ್ದವು. ಪೆಟ್ರೋಲ್ ಬಂಕಿನ ಕೆಫೆಯ ಮುಂದೆ ಕಾರು ನಿಲ್ಲಿಸಿದ. ಕಾಫಿ ತಂದು ಎದುರು ಕೂತ.

“ನಲವತ್ತು ವರ್ಷ ಹಸು ನೋಡಿದೀನಿ,” ಅಂದ. “ಎದುರಿಗೇ ಕುಂಟ್ತಿದ್ರೂ ಕಾಣ್ಲಿಲ್ಲ. ನಕ್ಕೊಂಡು ಕೂತಿದ್ದೆ.”

“ಎಲ್ರೂ ನಗ್ತಿದ್ರು.”

“ಶುರು ಮಾಡಿದ್ದು ನಾವು.”

ಅವನ ಕೈಬೆರಳುಗಳು ಲೋಟದ ಸುತ್ತ ದಪ್ಪಗೆ, ಬಿರುಕು ಬಿಟ್ಟು ಕೂತಿದ್ದವು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು. ಈಗ ಹೇಳುವುದು ಸರಿಯಲ್ಲ ಎಂದೂ ಅನ್ನಿಸಿತು. ಹೇಳಿದೆ.

“ಓಸ್ಮೊ, ನಾನಿನ್ನು ಬರಲ್ಲ.”

ಅವನು ನೋಡಿದ. “ಅವ್ನ ಕಾಲು ಹೋಯ್ತು ಅಂತಾನಾ?”

“ಅಲ್ಲ. ನಾಳೆ ಎದ್ದು ಕುಣಿದ್ರೂ ಬರಲ್ಲ. ಬೇಸಿಗೆಯಿಂದ ಹೇಳ್ಬೇಕು ಅಂತಿದ್ದೆ. ನನ್ ಕೈಲಿ ಆಗಲ್ಲ.”

“ಆರು ವರ್ಷ ಬಂದ್ಯಲ್ಲ.”

“ನೀನು ನಗ್ತೀಯ ಅಂತ ಬಂದೆ.”

ಅವನಿಗೆ ಅದು ಅರ್ಥವಾಗಲು ಹೊತ್ತು ಹಿಡಿಯಿತು. ಮುಖ ಸ್ವಲ್ಪ ಕೆಂಪಾಯಿತು. ಕಿಟಕಿಯಾಚೆ ಮರದ ದಿಮ್ಮಿ ತುಂಬಿದ ಲಾರಿಯೊಂದು ತಿರುಗಿಕೊಳ್ಳುತ್ತಿತ್ತು, ಅದು ಹೋಗುವ ತನಕ ಅದನ್ನೇ ನೋಡಿದ.

“ಮನೇಲಿದ್ದು ಏನ್ಮಾಡ್ತೀಯ?”

“ಮಲಗ್ತೀನಿ.”

“ಬರೀ ಮಲಗೋದಾ?”

“ಬರೀ ಮಲಗೋದು.”

“ನಾನು ಔಲುಗೆ ಹೋಗ್ತೀನಿ ಹಿಲ್ಕ,” ಅಂದ. “ಕುರ್ಚಿ ಮೇಲೆ ಬಂದು ಕೂರ್ತಾನಂತಲ್ಲ. ಆಗ ನಾವ್ಯಾರೂ ಇಲ್ದಿದ್ರೆ ಚೆನ್ನಾಗಿರಲ್ಲ.”

“ಹೋಗು. ನಾನು ಬೇಡ ಅಂದ್ನಾ?”

“ಆರ್ವೊನ ಪಕ್ಕ ಒಬ್ನೇ ಕೂರ್ಬೇಕು.”

“ರಾಯ್ಲಿ ಇದಾಳಲ್ಲ.”

“ಅವಳು ಲೆಕ್ಕಕ್ಕಿಲ್ಲ. ದೇಶದ ಕುರಿಯೆಲ್ಲ ಮುಗಿಯೋ ತನಕ ಹೆಣೀತಾಳೆ.”

ಅವನು ನಗಲಿಲ್ಲ. ನಾನೂ ನಗಲಿಲ್ಲ. ಆದರೆ ಅದು ನಮ್ಮಿಬ್ಬರ ಮಧ್ಯೆ ಬಹಳ ದಿನದ ಮೇಲೆ ಹುಟ್ಟಿದ ಒಂದು ತಮಾಷೆ. ಇಬ್ಬರಿಗೂ ಅದು ಗೊತ್ತಾಯಿತು.

ಅವನು ಫೋನು ತೆಗೆದು ಮೆರ್ವಿಗೆ ಮಾಡಿದ. ಕೊಟ್ಟಿಗೆಯಲ್ಲಿದ್ದಳೇನೋ, ಹಿಂದೆ ಯಂತ್ರದ ಸದ್ದಿತ್ತು. ಅವನು ಎಂದಿನಂತೆ ಗಟ್ಟಿಯಾಗಿ ಮಾತಾಡಿದ, ಪಕ್ಕದ ಮೇಜಿನವರು ತಿರುಗಿದರು.

“ನವೆಂಬರಿಂದು ಹೇಳಿದ್ನಲ್ಲ, ಅದೇ ನಾಲ್ಕು ದಿನ. ಹೂಂ, ಇಬ್ರ ಬದ್ಲೂ ನೀನೇ. ನಾನು ಹೋಗ್ತೀನಿ, ಹಿಲ್ಕ ಮನೇಲಿರ್ತಾಳೆ.” ಆ ಕಡೆಯಿಂದ ಏನೋ ಕೇಳಿದಳು. “ಇಲ್ಲ ಇಲ್ಲ, ಹುಷಾರಾಗೇ ಇದಾಳೆ. ಆಯಾಸ ಅಷ್ಟೆ.” ಸ್ವಲ್ಪ ಹೊತ್ತು ನನ್ನನ್ನು ನೋಡುತ್ತ ಕೇಳಿಸಿಕೊಂಡ. “ಬೆಳಗ್ಗೆ ಐದಕ್ಕೆ ಕೊಟ್ಟಿಗೆಗೆ ಬಂದೇ ಬರ್ತಾಳೆ, ನೋಡ್ತಿರು. ಬಂದ್ರೆ ಬಾಗಿಲು ಹಾಕ್ಕೋ. ಒಳಗೆ ಬಿಡ್ಬೇಡ.”