ನೀಲಿ ಕಣ್ಣಿನ ಮರಿಗೆ ಕೊಟ್ಟ ಅಡ್ವಾನ್ಸ್

ನಮ್ಮ ಬೀದಿಯಲ್ಲಿ ನನಗೆ ಅನುಮಾನದಮ್ಮ ಎಂದು ಹೆಸರು. ಎದುರಿಗೆ ಯಾರೂ ಕರೆಯುವುದಿಲ್ಲ, ಬೆನ್ನ ಹಿಂದೆ ಕರೆಯುತ್ತಾರೆ. ಕರೆಯಲಿ ಬಿಡಿ. ತರಕಾರಿಯವನು ನನ್ನನ್ನು ಕಂಡೊಡನೆ ತಕ್ಕಡಿ ಸರಿಮಾಡಿಕೊಳ್ಳುತ್ತಾನಲ್ಲ, ಅಷ್ಟು ಸಾಕು. ನನ್ನದು ಟೈಲರ್ ಅಂಗಡಿ. ಒಬ್ಬರ ಬಟ್ಟೆ ಇನ್ನೊಬ್ಬರ ಪಾಲಾಗಬಾರದೆಂದು ಪ್ರತಿ ಚೀಟಿಗೂ ಆ ಬಟ್ಟೆಯದೇ ಒಂದು ಚೂರು ಕತ್ತರಿಸಿ ಪಿನ್ ಹೊಡೆದು ಕೊಡುತ್ತೇನೆ. ಇಂಥ ನಾನೂ ಒಂದು ಬೆಕ್ಕಿನ ಮರಿಯ ವಿಷಯದಲ್ಲಿ ಎಡವಿಬಿದ್ದೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಅವರಪ್ಪ ಲಾರಿ ಓಡಿಸುತ್ತಾರೆ, ವಾರಗಟ್ಟಲೆ ಮನೆಗೆ ಬರುವುದಿಲ್ಲ. ಶಾಲೆ ಬಿಟ್ಟ ಮೇಲೆ ನಾನು ಅಂಗಡಿ ಮುಚ್ಚಿ ಬರುವವರೆಗೆ ಅವಳು ಒಬ್ಬಳೇ. ಒಂದು ಸಂಜೆ ಬಾಗಿಲು ತೆಗೆದರೆ ಗೋಡೆಯ ಜೊತೆ ಮಾತಾಡಿಕೊಂಡು ಕೂತಿದ್ದಾಳೆ! ಅವಳು ಎಷ್ಟೋ ದಿನದಿಂದ ಕೇಳುತ್ತಿದ್ದದ್ದು ಒಂದೇ, ಉದ್ದ ಕೂದಲಿನ ಪರ್ಷಿಯನ್ ಮರಿ. ಆಗಲಿ ಎಂದುಬಿಟ್ಟೆ.

ಅಂಥ ಬೆಕ್ಕುಗಳನ್ನು ಸಾಕಿ ಮರಿ ಮಾರುವ ಬ್ರೀಡರ್ ಒಬ್ಬಳು ಬಸ್ ಡಿಪೋದ ಹಿಂದೆ ಇದ್ದಳು. ಬುಟ್ಟಿಯಲ್ಲಿ ಬೂದು ಬಣ್ಣದ ನಾಲ್ಕು ಮರಿ, ತಿಂಗಳ ಕೂಸುಗಳು. ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ನಾಲ್ಕಕ್ಕೂ ಕಣ್ಣು ನೀಲಿ ನೀಲಿ. ಒಂದು ಮರಿ ತಾನಾಗಿ ಮಗಳ ಮಡಿಲು ಹತ್ತಿತು.

"ಇದೇ ಅಮ್ಮ, ಇದೇ!"

"ಅಡ್ವಾನ್ಸ್ ಕೊಟ್ಟು ಹೋಗಿ ಅಕ್ಕ," ಎಂದಳು ಬ್ರೀಡರ್. "ಇನ್ನು ಲಸಿಕೆ ಮುಗಿಯೋವರೆಗೂ ಯಾರನ್ನೂ ಒಳಗೆ ಬಿಡಲ್ಲ. ಮೂರು ತಿಂಗಳು ತುಂಬಿದ ಮೇಲೆ ಕರೀತೀನಿ."

"ಚೀಟಿ?"

"ಅಯ್ಯೋ, ನಮ್ಮ ನಿಮ್ಮ ನಡುವೆ ಚೀಟಿ ಯಾಕಕ್ಕ?"

ಮಗಳ ಮುಖ ನೋಡಿ ನನ್ನ ಬುದ್ಧಿಗೆ ಮಂಕು ಕವಿಯಿತು. ಕೊಟ್ಟೆ.

ಆಮೇಲೆ ಎರಡು ತಿಂಗಳು ತಲೆಯೊಳಗೆ ಹುಳ. ಯಾಕೆ ಒಳಗೆ ಬಿಡಲ್ಲ? ಏನನ್ನು ಮುಚ್ಚಿಡುತ್ತಿದ್ದಾಳೆ? ಪಕ್ಕದ ಕ್ಷೌರದಂಗಡಿಯವನು ಉರಿಯುವ ಬೆಂಕಿಗೆ ತುಪ್ಪ ಸುರಿದ. "ಒಳ್ಳೇ ಮರೀನ ಜಾಸ್ತಿ ಕೊಟ್ಟೋರಿಗೆ ಮಾರಿ, ಮಿಕ್ಕಿದ್ದನ್ನ ನಿಮಗೆ ಅಂಟಿಸ್ತಾರೆ, ನೋಡ್ತಿರಿ."

ಕರೆ ಬಂತು, ಹೋದೆವು. ಅವಳು ಎತ್ತಿ ಕೊಟ್ಟ ಮರಿಯ ಕಣ್ಣು ತಾಮ್ರದ ಬಣ್ಣ!

"ಇದು ನಮ್ದಲ್ಲ."

"ನಿಮ್ದೇ ಅಕ್ಕ. ಮರಿ ಬೆಳೀತಾ ಕಣ್ಣಿನ ಬಣ್ಣ ಬದಲಾಗುತ್ತೆ."

"ಆಹಾ! ನಾಳೆ ಬಾಲಾನೂ ಬದಲಾಗುತ್ತೆ ಅನ್ನು! ಯಾರ ಕಿವಿಗೆ ಹೂ ಇಡ್ತೀಯ? ನನ್ನ ಅಡ್ವಾನ್ಸ್ ವಾಪಸ್ ಕೊಡು."

"ಬೇಡ ಅಂತಿರೋರು ನೀವು. ವಾಪಸ್ ಇಲ್ಲ. ಹೋದ ಸಲಾನೂ ಒಬ್ರು ಹೀಗೇ ಕಾಯಿಸಿ ಕೈಕೊಟ್ರು. ನಾನು ಎಷ್ಟು ಜನರನ್ನ ನಂಬ್ಲಿ?"

"ಕಳ್ಳಿ!" ಎಂದೆ. ಬೀದಿಗೆಲ್ಲ ಕೇಳುವ ಹಾಗೆ ಎಂದೆ.

ಮಗಳು ಮರಿಯನ್ನು ಅಪ್ಪಿಕೊಂಡು, "ಅಮ್ಮ, ಇದೇ ಅದು," ಎಂದಳು. ನಿನಗೇನು ಗೊತ್ತು ಎಂದು ಗದರಿ, ಅವಳ ಕೈಯಿಂದ ಮರಿಯನ್ನು ಬಿಡಿಸಿ ಬುಟ್ಟಿಗೆ ಹಾಕಿ, ಎಳೆದುಕೊಂಡು ಬಂದೆ.

ಮೂರು ದಿನದ ಮೇಲೆ ಪಶು ಆಸ್ಪತ್ರೆಯ ಕಾಂಪೌಂಡರ್ ಪ್ಯಾಂಟು ಹಿಡಿದುಕೊಂಡು ಅಂಗಡಿಗೆ ಬಂದ. ಸೊಂಟ ಸ್ವಲ್ಪ ಬಿಚ್ಚಬೇಕಂತೆ. "ಸ್ವಲ್ಪ ಸಾಲದಪ್ಪ, ನಿನ್ನ ಹೊಟ್ಟೆ ನೋಡ್ಕೋ," ಎಂದು ಅಳತೆ ತೆಗೆಯುತ್ತ ನನ್ನ ಗೋಳು ಹೇಳಿಕೊಂಡೆ. ಅವನು ನಕ್ಕುಬಿಟ್ಟ.

"ಅಕ್ಕ, ಎಲ್ಲಾ ಬೆಕ್ಕಿನ ಮರಿಗೂ ಮೊದಲು ಕಣ್ಣು ನೀಲೀನೇ. ಒಂದೂವರೆ ತಿಂಗಳ ಮೇಲೆ ಅಸಲಿ ಬಣ್ಣ ಬರುತ್ತೆ. ಬೂದು ಪರ್ಷಿಯನ್‌ಗೆ ತಾಮ್ರದ ಕಣ್ಣೇ ಸರಿ."

"ಹಾಗಾದ್ರೆ ಅದು ನಮ್ಮ ಮರೀನೇನಾ?"

"ಅದು ನಂಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಆಕೆ ನಿಜ ಹೇಳಿದ್ರೂ ಆಕೆ ಹತ್ರ ಸಾಕ್ಷಿ ಇಲ್ಲ." ಅವನು ಮೆಷಿನ್ ಮೇಲಿದ್ದ ಚೀಟಿ ಎತ್ತಿ ತೋರಿಸಿದ. "ಒಂದು ಪ್ಯಾಂಟಿಗೆ ಇಷ್ಟು ಜೋಪಾನ ಮಾಡ್ತೀರಿ. ಒಂದು ಜೀವ ಕೊಳ್ಳುವಾಗ ಏನು ಬರೆಸ್ಕೊಂಡ್ರಿ? ಯಾವ ಮರಿ, ಕತ್ತಿಗೆ ಯಾವ ಬಣ್ಣದ ಪಟ್ಟಿ, ಯಾವತ್ತು ಕೊಡೋದು, ಯಾವ ಲಸಿಕೆ ಆಗಿರ್ಬೇಕು? ಮರಿಗೆ ಕಾಯಿಲೆ ಬಂದ್ರೆ ಅಡ್ವಾನ್ಸ್ ಯಾರದ್ದು? ನೀವೇ ಬೇಡ ಅಂದ್ರೆ ಯಾರದ್ದು? ವಾರಕ್ಕೊಂದು ಫೋಟೋ ಕಳಿಸು ಅಂದಿದ್ರೆ ಬಣ್ಣ ಬದಲಾಗೋದು ಕಣ್ಣಾರೆ ಕಾಣ್ತಿತ್ತಲ್ಲ?"

ಅಂಗಡಿ ಮುಚ್ಚಿದೆ. ಮಗಳನ್ನು ಕರೆದುಕೊಂಡು ಡಿಪೋ ಹಿಂದಕ್ಕೆ ಓಡಿದೆ.

ಬ್ರೀಡರ್ ಅರ್ಧ ಬಾಗಿಲು ತೆಗೆದಳು. "ತಪ್ಪಾಯ್ತು ಕಣಮ್ಮ, ನನ್ನ ಬಾಯಿಗಿಷ್ಟು ಮಣ್ಣು ಹಾಕ," ಎಂದೆ.

"ನಿನ್ನೆ ಕೊಟ್ಬಿಟ್ಟೆ ಅಕ್ಕ, ಬೇರೆಯವರಿಗೆ. ನೀವು ಬೇಡ ಅಂದ್ರಲ್ಲ."

ಅಡ್ವಾನ್ಸ್ ಕೇಳಲು ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು ಕೇಳಲಿ? ಯಾವ ಚೀಟಿ ತೋರಿಸಲಿ? ಅಷ್ಟರಲ್ಲಿ ಮಗಳು ಬಾಗಿಲ ಸಂದಿಯಿಂದ ಖಾಲಿ ಬುಟ್ಟಿಯನ್ನು ನೋಡಿದಳು.

"ಆಂಟಿ, ಆ ಮನೇಲಿ ಅದ್ರ ಜೊತೆ ಮಾತಾಡೋರು ಇದಾರಾ?"

ಬ್ರೀಡರ್ ಬಾಗಿಲು ಪೂರ್ತಿ ತೆಗೆದು, "ಬನ್ನಿ ಒಳಗೆ. ನಿಮ್ಮ ಅಡ್ವಾನ್ಸ್ ಮುಂದಿನ ಸಲದ ಮರಿಗೆ ಇರ್ಲಿ. ಈ ಸಲ ಬರೆದೇ ಕೊಡ್ತೀನಿ," ಎಂದಳು. ಬರೆದಳು. ನಾನು ಮೂರು ಸಲ ಓದಿದೆ. ಅವಳೂ ನನ್ನ ಸಹಿಯನ್ನು ಬೆಳಕಿಗೆ ಹಿಡಿದು ನೋಡಿದಳು. ನೋಡಲಿ, ನನಗೇನೂ ಬೇಜಾರಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಮರಿ ಕೊಳ್ಳಲು ಹೊರಟಿದ್ದೀರಾ? ಅನುಮಾನ ಪಡಿ, ಖಂಡಿತ ಪಡಿ. ಆದರೆ ದುಡ್ಡು ಕೈ ಬಿಡುವ ಮೊದಲು ಪಡಿ. ಗೊತ್ತಿಲ್ಲದ್ದನ್ನು ಪಶು ಆಸ್ಪತ್ರೆಯಲ್ಲಿ ಕೇಳಿ. ಅಡ್ವಾನ್ಸ್ ಯಾವಾಗ ವಾಪಸ್, ಯಾವಾಗ ಇಲ್ಲ ಎಂದು ಬರೆಸಿಕೊಂಡು ಇಬ್ಬರೂ ಸಹಿ ಹಾಕಿ. ಮಾರುವವರೇ, ನೀವೂ ಕೇಳಿ, ಆ ಚೀಟಿ ನಿಮ್ಮನ್ನೂ ಕಾಯುತ್ತದೆ. ಬರೆದುಕೊಡಲ್ಲ ಎಂದರೆ ಮಗು ಎಷ್ಟೇ ಅತ್ತರೂ ಎದ್ದು ಬನ್ನಿ. ಆ ಅಳು ಒಂದು ಸಂಜೆಗೆ ಮುಗಿಯುತ್ತದೆ. ನನ್ನ ಮಗಳದು ಇನ್ನೂ ಮುಗಿದಿಲ್ಲ.