ನಾರ್ಮನ್ ಮೆತ್ತಿದ ಗೋಡೆ

ಅಡುಗೆಮನೆಯ ಉತ್ತರದ ಗೋಡೆ ಸಂಜೆ ನಾಲ್ಕರ ಹೊತ್ತಿಗೆ ಕೆಮ್ಮುತ್ತಿತ್ತು. ದೊಡ್ಡ ಕೆಮ್ಮೇನಲ್ಲ. ಗಂಟಲಲ್ಲಿ ಕಫ ಕಟ್ಟಿಕೊಂಡವರು ಪಕ್ಕದ ಕೋಣೆಯಲ್ಲಿ ಕೂತು, ಯಾರಿಗೂ ಕೇಳಿಸದಿರಲಿ ಎಂದು ಕೆಮ್ಮುತ್ತಾರಲ್ಲ, ಹಾಗೆ. ಆಮೇಲೆ ಟಕ್, ಟಕ್ ಎಂದು ಬೆರಳ ಗಿಣ್ಣಿನಿಂದ ಬಡಿದ ಸದ್ದು. ಏವ್ರಿಲ್ ಆಗ ಎರಡು ಕಪ್ ಚಹಾ ಮಾಡಿ, ಹಾಲು ಬೆರೆಸಿ, ಒಂದನ್ನು ಗೋಡೆಯ ಬುಡದ ಸ್ಟೂಲಿನ ಮೇಲಿಟ್ಟು, "ಬಿಸಿ ಇದೆ, ನಿಧಾನಕ್ಕೆ ಕುಡಿ" ಎನ್ನುತ್ತಿದ್ದಳು.

ಅವಳ ಗಂಡ ನಾರ್ಮನ್ ಸತ್ತು ಆಗ ಏಳು ತಿಂಗಳು.

ಹುಚ್ಚು ಎನ್ನುವವರು ಎನ್ನಲಿ. ಆ ಗೋಡೆ ನಾರ್ಮನ್ನನ ಕೊನೆಯ ಕೆಲಸ. ಗಿಲಾವು ಮುಗಿಸಿ, ಕರಣೆ ತೊಳೆದಿಟ್ಟು, ಮೂರನೆಯ ದಿನ ಅಂಗಳದಲ್ಲಿ ತಳ್ಳುಗಾಡಿಯ ಪಕ್ಕದಲ್ಲೇ ಕುಸಿದವನು ಮತ್ತೆ ಏಳಲಿಲ್ಲ. ಅವನು ಎಡಚ. ಅವನ ಕರಣೆ ಎಳೆದ ಕಮಾನು ಗುರುತುಗಳೆಲ್ಲ ಬೇರೆಯವರದಕ್ಕಿಂತ ತಿರುಗುಮುರುಗು. ಪಶ್ಚಿಮದ ಕಿಟಕಿಯ ಇಳಿಬಿಸಿಲು ಬಿದ್ದಾಗ ಅವು ಒಂದೊಂದೂ ಎದ್ದು ಕಾಣುತ್ತಿದ್ದವು. ಯಾವ ಕೆಲಸ ಮುಗಿದರೂ ಗಿಣ್ಣಿನಿಂದ ಎರಡು ಸಲ ಬಡಿದು ನೋಡುವುದು ಅವನಿಗೆ ಡಿಪೋದಲ್ಲಿ ಬಸ್ ರಿಪೇರಿ ಮಾಡುತ್ತಿದ್ದ ಕಾಲದಿಂದಲೂ ಇದ್ದ ಅಭ್ಯಾಸ. ಈಗ ಒಳಗಿನಿಂದ ಯಾರೋ ಹಾಗೇ ಬಡಿಯುತ್ತಿದ್ದರೆ ಹೆಂಡತಿಯಾದವಳು ಇನ್ನೇನೆಂದುಕೊಳ್ಳಬೇಕು?

ಸದ್ದಿನ ಜೊತೆಗೆ ಒಂದು ಕಲೆಯೂ ಇತ್ತು. ಬೇಸಿಗೆ ಕಳೆದು ಮೊದಲ ಮಳೆ ಬಿದ್ದಾಗ ನೆಲದ ಹತ್ತಿರ ಎರಡು ಪಾದಗಳ ಆಕಾರದಲ್ಲಿ ಕಪ್ಪಾಗಿತ್ತು. ಸೆಪ್ಟೆಂಬರಿನಲ್ಲಿ ಮೊಣಕಾಲಿಗೆ ಬಂತು, ಆಮೇಲೆ ಸೊಂಟಕ್ಕೆ. ಅಕ್ಟೋಬರಿನಲ್ಲಿ ಅದಕ್ಕೆ ಭುಜಗಳು ಮೂಡಿದವು. ಏವ್ರಿಲ್‌ಗೆ ಹೆದರಿಕೆಯಾಗಲಿಲ್ಲ. ಸಂತೋಷವಾಯಿತು, ನಿಜ ಹೇಳಬೇಕೆಂದರೆ. ಇನ್ನು ತಲೆಯೊಂದು ಬರಬೇಕು ಎಂದು ಅವಳು ಕಾಯುತ್ತಿದ್ದಳು.

ಇಂಗ್ಲೆಂಡಿನಿಂದ ಬಂದು ಫ್ರಾನ್ಸಿನ ಈ ಕ್ರೂಜ್ ಸೀಮೆಯಲ್ಲಿ ಪಾಳುಮನೆ ಕೊಳ್ಳುವ ನಮ್ಮ ಜನರ ಬುದ್ಧಿಯನ್ನೂ ಸ್ವಲ್ಪ ಹೇಳಬೇಕು. ಚಹಾಪುಡಿ ನಮ್ಮದೇ ಆಗಬೇಕು, ಡಬ್ಬಿಯ ಬೀನ್ಸ್ ನಮ್ಮದೇ ಆಗಬೇಕು, ಕೊನೆಗೆ ಸಿಮೆಂಟೂ ನಮ್ಮದೇ. ಊರಿನ ಅಂಗಡಿಯಲ್ಲಿ ಸುಣ್ಣದ ಗಾರೆ ರಾಶಿ ಬಿದ್ದಿರುತ್ತದೆ. ಆದರೆ ಹೋಗಿ ಕೇಳಲು ಮಾತು ಬರಬೇಕಲ್ಲ! ನಾರ್ಮನ್ ವ್ಯಾನಿನಲ್ಲಿ ನಲವತ್ತು ಮೂಟೆ ಸಿಮೆಂಟು ತುಂಬಿ, ಹಡಗು ಹತ್ತಿಸಿ ತಂದಿದ್ದ. ಏವ್ರಿಲ್ ಅಷ್ಟಿಷ್ಟು ಫ್ರೆಂಚ್ ಕಲಿತಿದ್ದಳು; ಅವನು ಕಲಿಯಲಿಲ್ಲ, ಯಾರು ಏನು ಹೇಳಿದರೂ ನಗುತ್ತ "ಹೌದು, ಹೌದು" ಎಂದು ತಲೆಯಾಡಿಸುತ್ತಿದ್ದ. ತಿಳಿಯಲಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಅವನಿಗೆ ಸಾಯುವುದೇ ಸುಲಭವಾಗಿತ್ತು.

ಅಕ್ಟೋಬರಿನ ಮೂರನೆಯ ವಾರ ಪಕ್ಕದ ಮನೆಯ ಗಾಸ್ತೊನ್ ಒಂದು ಕುಂಬಳಕಾಯಿ ಕೊಡಲು ಬಂದ. ನಲವತ್ತು ವರ್ಷ ಗಾರೆ ಕೆಲಸ ಮಾಡಿ ಮಂಡಿ ಸವೆದ ಮನುಷ್ಯ. ಕಾಯಿಯನ್ನು ಮೇಜಿನ ಮೇಲಿಟ್ಟವನ ಕಣ್ಣು ಗೋಡೆಯ ಮೇಲೇ ನಿಂತಿತು. ಹತ್ತಿರ ಹೋಗಿ ತಟ್ಟಿದ. ಖಾಲಿ ಡಬ್ಬದ ಸದ್ದು ಬಂತು. ಕುರ್ಚಿ ಹತ್ತಿ, ಗೋಡೆಯ ಮೇಲೆ ಕೂತಿದ್ದ ತೊಲೆಯ ತುದಿಗೆ ತನ್ನ ಚಾಕು ಚುಚ್ಚಿದ. ಅದು ಹಿಡಿಯವರೆಗೂ ಇಳಿಯಿತು.

"ಎಷ್ಟು ದಿನದಿಂದ ಹೀಗಿದೆ, ಮೇಡಂ?"

"ಮಳೆ ಶುರುವಾದಾಗಿಂದ. ಮೊದಲು ಪಾದದಷ್ಟಿತ್ತು. ಈಗ ನೋಡಿ, ಭುಜಕ್ಕೆ ಬಂದಿದೆ."

"ಮೊಮ್ಮಗು ಬೆಳೀತಿದೆ ಅನ್ನೋ ಹಾಗೆ ಹೇಳ್ತೀರಲ್ಲ. ನೀರು ಅದು. ಈ ಗೋಡೆ ಕಲ್ಲು-ಮಣ್ಣಿಂದು, ಉಸಿರಾಡಬೇಕು. ಒಳಗೂ ಹೊರಗೂ ಸಿಮೆಂಟ್ ಮೆತ್ತಿದ್ದಾರೆ. ನೀರು ಹೋಗೋದೆಲ್ಲಿಗೆ? ಒಳಗಿನ ಮಣ್ಣು ಕರಗಿ ಉದುರ್ತಿದೆ, ನಿಮಗೆ ಕೇಳಿಸ್ತಿಲ್ವಾ?"

"ಕೇಳಿಸ್ತಿದೆ" ಎಂದಳು ಏವ್ರಿಲ್. "ಅದು ಮಣ್ಣಲ್ಲ. ನಾರ್ಮನ್."

ಗಾಸ್ತೊನ್ ನಗಲಿಲ್ಲ. ಕುರ್ಚಿಯಿಂದ ಇಳಿದು ಟೋಪಿ ತೆಗೆದ.

"ನಮ್ಮವ್ವ ಸತ್ತಾಗ ನಾನೂ ಒಂದು ವರ್ಷ ಅವಳ ಕುರ್ಚಿ ಮೇಲೆ ಯಾರನ್ನೂ ಕೂರೋಕೆ ಬಿಡಲಿಲ್ಲ. ಆದ್ರೆ ಕುರ್ಚಿ ತಲೆ ಮೇಲೆ ಬೀಳಲ್ಲ ಮೇಡಂ. ತೊಲೆ ಬೀಳುತ್ತೆ. ನೀವು ಮಲಗೋ ಕೋಣೆ ನಿಂತಿರೋದು ಇದರ ಮೇಲೆ. ಹಿಮ ಬೀಳೋದ್ರೊಳಗೆ ಈ ಸಿಮೆಂಟ್ ಕಿತ್ತು ಹಾಕಬೇಕು, ಪೂರ್ತಿ."

"ಮುಟ್ಟಬೇಡಿ."

"ನಾನು ಅವರಿಗೆ ಮೂರು ಸಲ ಹೇಳಿದ್ದೆ."

"ಮುಟ್ಟಬೇಡಿ ಅಂದೆನಲ್ಲ. ನಿಮ್ಮ ಕಾಯಿ ತಗೊಂಡು ಹೋಗಿ."

ಕಾಯಿ ಅಲ್ಲೇ ಬಿಟ್ಟು ಅವನು ಹೋದ. ಅವಳು ಕಲೆಯ ಎದುರಿಗೆ ಕೂತು ಕತ್ತಲಾಗುವವರೆಗೂ ಅತ್ತಿತ್ತ ಕದಲಲಿಲ್ಲ. ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ನಿನ ಮನೆ ಮಾರಿಯಾಗಿತ್ತು. ಇದು ಬಿದ್ದರೆ ಇನ್ನೊಂದು ಸೂರಿಲ್ಲ. ಅದೂ ಅವಳಿಗೆ ಗೊತ್ತಿತ್ತು. ಆದರೆ ತಾನೇ ಕೈಯಾರೆ ಅವನನ್ನು ಉಳಿ ಹಾಕಿ ಕೀಳುವುದು ಅವಳಿಂದಾಗುವಂತಿರಲಿಲ್ಲ.

ಮಾರನೆಯ ದಿನ ಗಾಸ್ತೊನ್‌ನ ಹೆಂಡತಿ ಸೊಲಾಂಜ್ ಬಂದಳು. ಬಾಗಿಲು ತಟ್ಟುವ ಜಾತಿಯಲ್ಲ ಅವಳದು. ನೇರ ಒಳಗೆ ನುಗ್ಗಿ, ಸ್ಟೂಲಿನ ಮೇಲಿದ್ದ ತಣ್ಣಗಿನ ಚಹಾ ನೋಡಿ, ಏಪ್ರನ್ನಿನ ಅಂಚಿನಿಂದ ಮೂಗು ಒರೆಸಿಕೊಂಡಳು.

"ರಾತ್ರಿಯೆಲ್ಲ ನನ್ನ ಗಂಡ ನಿದ್ದೆ ಮಾಡಿಲ್ಲ ಮಾರಾಯ್ತಿ. ನೀನು ಮಲಗಿರೋ ಹಾಗೇ ತೊಲೆ ಕುಸೀತದೆ ಅಂತಾನೆ. ಅವನೇನು ತಪ್ಪು ಮಾಡಿದ ಅಂತ ಬೈದೆ? ಸಿಮೆಂಟ್ ಬೇಡ ಅಂತ ಬಂದು ಬಂದು ಹೇಳಿದ. ನಿನ್ನ ಯಜಮಾನ್ರು ಹೌದು ಹೌದು ಅಂದ್ರು. ಡಾಕ್ಟರ್ ಹತ್ರಾನೂ ಅದೇ. ಹೌದು ಹೌದು ಅಂತ ನಕ್ಕುಬಿಟ್ರು."

ಏವ್ರಿಲ್ ತಲೆಯೆತ್ತಿದಳು. "ಯಾವ ಡಾಕ್ಟರ್?"

ಸೊಲಾಂಜ್ ತಣ್ಣಗಿನ ಚಹಾದ ಕಪ್ ಎತ್ತಿಕೊಂಡು ಸಿಂಕಿನತ್ತ ತಿರುಗಿದಳು. ಅವಳು ಮಾತಿನ ನಡುವೆ ಬೆನ್ನು ತಿರುಗಿಸಿದ್ದನ್ನು ಏವ್ರಿಲ್ ಈ ನಾಲ್ಕು ವರ್ಷದಲ್ಲಿ ನೋಡಿರಲಿಲ್ಲ.

"ಯಾವ ಡಾಕ್ಟರ್, ಸೊಲಾಂಜ್?"

"ಪೇಟೆಯವರು. ಫೆಬ್ರವರಿಯಲ್ಲಿ ನಾನೇ ನಿನ್ನ ಯಜಮಾನ್ರನ್ನ ನನ್ನ ಕಾರಲ್ಲಿ ಕರ್ಕೊಂಡು ಹೋಗಿದ್ದೆ, ಎದೆ ಹಿಡ್ಕೊಂಡಿದೆ ಅಂತ ಸನ್ನೆ ಮಾಡಿದ್ರು. ಡಾಕ್ಟರ್ ಬಿಡಿಸಿ ಬಿಡಿಸಿ ಹೇಳಿದ್ರು. ಭಾರ ಎತ್ತಬೇಡಿ, ವಾರದೊಳಗೆ ದೊಡ್ಡಾಸ್ಪತ್ರೆಗೆ ಹೋಗಿ ಅಂತ. ಇವರು ತಲೆ ಆಡಿಸಿದ್ರು, ಚೀಟಿ ಮಡಚಿ ಜೇಬಿಗಿಟ್ಕೊಂಡ್ರು. ನಿಂಗೆ ಹೇಳಿದ್ದಾರೆ ಅಂತ ನಾನು ತಿಳ್ಕೊಂಡಿದ್ದೆ. ದೇವರಾಣೆ."

ಏವ್ರಿಲ್‌ಗೆ ಆ ದಿನ ನೆನಪಾಯಿತು. ಬಾಗಿಲಿನ ಕೀಲು ತರುತ್ತೇನೆಂದು ಹೋದವನು ಬರಿಗೈಯಲ್ಲಿ ಬಂದಿದ್ದ. ಅಂಗಡಿ ಮುಚ್ಚಿತ್ತು ಎಂದಿದ್ದ. ಮರುದಿನ ಬೆಳಿಗ್ಗೆಯಿಂದ ನಾಲ್ಕು ವಾರ ಮೂಟೆ ಹೊತ್ತಿದ್ದ, ಅವಳೇ ಕೆಳಗಿನಿಂದ ಕೈ ಕೊಟ್ಟು ಬೆನ್ನ ಮೇಲೆ ಹೊರಿಸಿದ್ದಳು.

ಎದ್ದು ಹೋಗಿ ಅವನ ಸುತ್ತಿಗೆ ತಂದಳು. ಸೊಲಾಂಜ್ ಕೈ ಹಿಡಿಯಲು ನೋಡಿದರೆ ಕೊಡವಿಕೊಂಡಳು.

"ತಿಳೀಲಿಲ್ಲ ಅಂತ ಒಂದು ಮಾತು ಹೇಳೋಕೆ ನಿನಗೇನಾಗಿತ್ತು?" ಎಂದು ಗೋಡೆಯನ್ನು ಕೇಳಿದಳು. ಧ್ವನಿ ಮೊದಲು ಸಣ್ಣಗಿತ್ತು. "ಅವರಿಗೆ ಹೇಳೋದು ಬೇಡ, ನಾಚಿಕೆ. ನನಗೆ? ನಲವತ್ತೊಂದು ವರ್ಷ ನಿನ್ನ ಜೊತೆ ಬಾಳಿದೀನಿ, ನನ್ನ ಹತ್ರಾನೂ ನಾಚಿಕೆಯಾ? ಸುಳ್ಳ. ದೊಡ್ಡ ಸುಳ್ಳ ನೀನು. ನಿನ್ನ ಬೆನ್ನಿಗೆ ಮೂಟೆ ಹೊರಿಸಿದ್ದು ನಾನು ಕಣೋ."

ಕಲೆಯ ಎದೆಯಿರಬೇಕಾದ ಜಾಗಕ್ಕೆ ಸರಿಯಾಗಿ ಬೀಸಿ ಹೊಡೆದಳು.

ದಿನಗಟ್ಟಲೆ ಕೆತ್ತಬೇಕು, ಒಂದೊಂದು ಚೂರಿಗೂ ಜೀವ ಹೋಗುತ್ತದೆ ಎಂದುಕೊಂಡಿದ್ದ ಕೆಲಸ ಒಂದೇ ಏಟಿಗೆ ಮುಗಿಯಿತು. ಕಿಟಕಿಯಿಂದ ಮೂಲೆಯವರೆಗೆ ಗಿಲಾವು ಒಂದು ಚಪ್ಪಡಿಯಂತೆ ಮುಂದಕ್ಕೆ ವಾಲಿತು. ಸೊಲಾಂಜ್ ಅವಳ ರಟ್ಟೆ ಹಿಡಿದು ಹಿಂದಕ್ಕೆಳೆಯದಿದ್ದರೆ ಇಬ್ಬರೂ ಅಡಿಯಲ್ಲಿರುತ್ತಿದ್ದರು. ಧೂಳು ಅಡಗಿದಾಗ ಕಂಡದ್ದು ಒದ್ದೆ ಕಪ್ಪು ಕಲ್ಲುಗಳು, ಜಾರುತ್ತಿದ್ದ ಕೆಂಪು ಕೆಸರು, ನಾಲ್ಕಾರು ಬೇರು. ಅಲ್ಲಿ ಮತ್ತೇನೂ ಇರಲಿಲ್ಲ.

ಸದ್ದಿಗೆ ಓಡಿಬಂದ ಗಾಸ್ತೊನ್ ಮೊದಲು ತೊಲೆಗೆ ಆಸರೆ ಕಂಬ ಕೊಟ್ಟ. ಆಮೇಲೆ ಬಿದ್ದ ತುಂಡೊಂದನ್ನು ಎತ್ತಿ ಹಿಂಬದಿ ನೋಡಿದ. ಅದು ನುಣ್ಣಗಿತ್ತು.

"ಇದು ಗೋಡೆಗೆ ಹಿಡಿದೇ ಇಲ್ಲ, ಮೇಡಂ" ಎಂದ ಮೆಲ್ಲಗೆ. "ಬಿಟ್ಟುಹೋಗಿ ಎಷ್ಟೋ ತಿಂಗಳಾಗಿದೆ. ಬರೀ ಹಾಗೇ ನಿಂತಿತ್ತು ಅಷ್ಟೆ."

ಏವ್ರಿಲ್ ಸಿಮೆಂಟಿನ ರಾಶಿಯ ಮೇಲೆ ಕೂತಳು. ಮಣ್ಣು ಮಾಡಿದ ದಿನ ಅತ್ತಿರಲಿಲ್ಲ, ಚರ್ಚಿನಲ್ಲಿ ಅತ್ತಿರಲಿಲ್ಲ. ಈಗ ಸೊಲಾಂಜ್‌ಳ ಭುಜಕ್ಕೆ ಮುಖ ಒತ್ತಿ, ಬೈಯುತ್ತಲೇ ಅತ್ತಳು. ನಾಲ್ಕು ಗಂಟೆ ಬಂತು, ಹೋಯಿತು. ಗೋಡೆ ಕೆಮ್ಮಲಿಲ್ಲ. ನಾರ್ಮನ್ ಸತ್ತು ಏಳು ತಿಂಗಳಾದ ಮೇಲೆ, ಆ ಸಂಜೆ ಅವಳು ವಿಧವೆಯಾದಳು.