ತೊಟ್ಟಿಗೆ ಹೊಲಿದ ಹೊದಿಕೆ

ಅತ್ತೆಯ ಎಡಗಣ್ಣು ಹೋಗಿ ವರ್ಷಗಳಾಗಿದ್ದವು. ಬಲಗಣ್ಣಿನಲ್ಲಿ ಉಳಿದಿದ್ದ ಚೂರು ನೋಟಕ್ಕೆ ಕೋಣೆಯ ಬಲ್ಬಾಗಲಿ, ಪಕ್ಕದ ಕಟ್ಟಡದ ಗೋಡೆಗೆ ಎದುರಾಗಿದ್ದ ಕಿಟಕಿಯಾಗಲಿ ಎಟುಕುತ್ತಿರಲಿಲ್ಲ. ಮಂಚದ ಪಕ್ಕದಲ್ಲಿದ್ದ ಉಪ್ಪುನೀರಿನ ಮೀನಿನ ತೊಟ್ಟಿಯ ದೀಪ ಮಾತ್ರ ನೀಲಿ ಕಲೆಯಾಗಿ ಕಾಣುತ್ತಿತ್ತು. ಪ್ರತಿದಿನ ಬೆಳಿಗ್ಗೆ ಸೊಸೆ ಅದರ ಸ್ವಿಚ್ ಒತ್ತಿದೊಡನೆ ಅವರು ಅತ್ತ ಮುಖ ಚಾಚಿ "ಬಂತು" ಎನ್ನುತ್ತಿದ್ದರು. ಕಣ್ಣು ಇನ್ನೂ ಉಳಿದಿದೆಯೇ ಎಂದು ಅವರು ನೋಡಿಕೊಳ್ಳುತ್ತಿದ್ದುದು ಹಾಗೆ. ಸೊಸೆ ಮಾತ್ರ ಅದನ್ನು ಬರೀ ರೂಢಿಯ ಮಾತೆಂದುಕೊಂಡಿದ್ದಳು.

ತೊಟ್ಟಿ ತಂದವನು ಮಗ. ಲಾರಿ ಓಡಿಸುವವನು, ಮನೆಯಲ್ಲಿರುವುದೇ ಅಪರೂಪ. ಹಾಗಾಗಿ ಎರಡು ಪುಟ್ಟ ಕಿತ್ತಳೆ ಮೀನು, ನಾಲ್ಕಾರು ಬಸವನಹುಳುಗಳ ಹೊಣೆ ಸೊಸೆಯ ತಲೆಗೇ ಬಿತ್ತು. ಪರದೆ ಹೊಲಿಯುವ ಕೆಲಸ ಮುಗಿಸಿ ಬಂದು ಅವಳು ಬಕೆಟ್ಟಿನಲ್ಲಿ ಉಪ್ಪು ಕದಡುತ್ತಿದ್ದಳು. ಅಳೆದು ಹಾಕಿದರೂ ಹೆಚ್ಚಾಯಿತೇನೋ ಎಂಬ ಅಳುಕು ಹೋಗುತ್ತಿರಲಿಲ್ಲ. ಎಷ್ಟು ನೀರು ಬದಲಿಸಿದರೂ ಕಲ್ಲುಗಳ ಮೇಲೆ ಹಸಿರು ಪಾಚಿ ಕೂದಲಿನಂತೆ ಬೆಳೆಯಿತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆದರೆ ಮತ್ತೆ ಬಂತು. ಒಂದು ಮೀನು ಊಟ ಬಿಟ್ಟು ಕಲ್ಲಿನ ಸಂದಿಯಲ್ಲಿ ಸೇರಿಕೊಂಡಿತು.

ತೊಟ್ಟಿಯ ಮೀನು ಮಾರುವ ಅಂಗಡಿಗೆ ಹೋದಾಗ ಅಂಗಡಿಯವನು ಕೇಳಿದ, "ಲೈಟು ಎಷ್ಟು ಹೊತ್ತು ಹಾಕಿರ್ತೀರಿ?"

"ಬೆಳಿಗ್ಗೆಯಿಂದ ಮಲಗೋವರೆಗೆ. ಅತ್ತೆಗೆ ಬೇಕು."

"ಮೀನಿಗೆ ಊಟ?"

"ಅತ್ತೆ ಒಂದು ಚಿಟಿಕೆ ಹಾಕ್ತಾರೆ. ಸಾಲದೇನೋ ಅಂತ ನಾನೊಂದು ಚಿಟಿಕೆ."

"ಇಷ್ಟು ಉಪಚಾರ ಮಾಡಿದ್ರೆ ನಾನೂ ನಿಮ್ಮ ಮನೆಗೆ ಬಂದು ಬೆಳೀತೀನಿ ಅಮ್ಮ," ಎಂದು ಅವನು ನಕ್ಕ. "ಊಟ ಕಡಿಮೆ ಮಾಡಿ. ಮೂರು ದಿನ ದಪ್ಪ ಬಟ್ಟೆ ಮುಚ್ಚಿ, ಪೂರ್ತಿ ಕತ್ತಲೆ ಮಾಡಿ. ಪಂಪು ಮಾತ್ರ ನಿಲ್ಲಿಸಬೇಡಿ. ಮೀನಿಗೇನೂ ಆಗಲ್ಲ, ಪಾಚಿ ಸಾಯುತ್ತೆ."

ಅವಳು ಪರದೆಯ ಲೈನಿಂಗ್ ಬಟ್ಟೆಯ ತುಂಡುಗಳನ್ನು ಎರಡು ಪದರ ಮಾಡಿ ಹೊದಿಕೆ ಹೊಲಿದಳು. ಮೂಲೆಗಳಿಗೆ ಮತ್ತೊಂದು ಹೊಲಿಗೆ ಹಾಕಿದಳು. ಅತ್ತೆಗೆ ಹೇಳಬೇಕೆಂದು ಸಂಜೆಯೆಲ್ಲ ಅವರ ಸುತ್ತಲೇ ಸುಳಿದಾಡಿದಳು. ಬೇಡ ಎಂದುಬಿಟ್ಟರೆ? ಅವರು ಮಲಗಿದ ಮೇಲೆ ಸುಮ್ಮನೆ ಮುಚ್ಚಿದಳು. ಬೆಳಿಗ್ಗೆ ಹೇಳಿದರಾಯಿತು.

ಬೆಳಿಗ್ಗೆ ಕೋಣೆಯ ಬಲ್ಬಿನ ಸ್ವಿಚ್ ಒತ್ತಿದಳು. ಟಕ್ ಎಂದಿತು. ತೊಟ್ಟಿಯದೇ ಸ್ವಿಚ್ ಎಂದುಕೊಂಡು ಅತ್ತೆ ಅತ್ತ ಮುಖ ಚಾಚಿದರು. ಪಂಪಿನ ಗುಳುಗುಳು ಕೇಳುತ್ತಿತ್ತು. ಅತ್ತೆ ಬಹಳ ಹೊತ್ತು ಹಾಗೇ ಇದ್ದು, ನಿಧಾನವಾಗಿ ಹಿಂದಕ್ಕೆ ಒರಗಿದರು.

"ಇವತ್ತಿಂದ ಮೀನಿಗೆ ನೀನೇ ಹಾಕು," ಎಂದರು.

ತೊಟ್ಟಿ ಮುಚ್ಚಿದ್ದು ಗೊತ್ತಾಗಿ ಮುನಿಸಿಕೊಂಡಿದ್ದಾರೆ ಎಂದುಕೊಂಡಳು ಸೊಸೆ. ಇನ್ನು ಬಾಯಿ ಬಿಡುವ ಧೈರ್ಯವೇ ಹೋಯಿತು. ಮರುದಿನ ಅತ್ತೆ ಕನ್ನಡಕ ತೆಗೆದು ಅವಳ ಕೈಗಿಟ್ಟರು. "ಯಾರಿಗಾದ್ರೂ ಕೊಟ್ಟುಬಿಡು. ಮೂಗು ಸುಮ್ಮನೆ ಕೂಲಿಯಿಲ್ಲದೆ ಹೊರ್ತಾ ಇದೆ."

ಮೂರನೆಯ ದಿನ ಅತ್ತೆ ಗೋಡೆ ತಡವುತ್ತ ಬಚ್ಚಲಿಗೆ ಹೋಗುತ್ತಿದ್ದರು. ಎರಡೂ ಕಣ್ಣು ಮುಚ್ಚಿದ್ದವು.

"ಕಣ್ಣು ಯಾಕೆ ಮುಚ್ಚಿಕೊಂಡಿದೀರಿ ಅತ್ತೆ?"

"ತೆಗೆದು ಏನು ಮಾಡಲಿ? ಮೊನ್ನೆ ಬೆಳಿಗ್ಗೆಯಿಂದ ಆ ನೀಲಿನೂ ಇಲ್ಲ."

ಸೊಸೆ ಅವರನ್ನು ಮಂಚಕ್ಕೆ ಕರೆತಂದು ಕೂರಿಸಿ, ತೊಟ್ಟಿಯ ಹೊದಿಕೆ ಎಳೆದು ತೆಗೆದು ದೀಪ ಹಾಕಿದಳು. ಪಾಚಿ ಬಿಳಿಚಿ ಕಲ್ಲಿನಿಂದ ಕಳಚಿಕೊಂಡು ತೇಲುತ್ತಿತ್ತು. ಸಂದಿಯ ಮೀನು ಹೊರಗೆ ಬಂದಿತ್ತು.

"ನೋಡಿ ಅತ್ತೆ, ಕಣ್ಣು ತೆಗೀರಿ. ನಾನೇ ಮುಚ್ಚಿದ್ದು. ಪಾಚಿ ಸಾಯಲಿ ಅಂತ. ಹೇಳಬೇಕು ಅಂತಲೇ ಇದ್ದೆ..."

ಅತ್ತೆ ಕಣ್ಣು ತೆರೆದರು. ಅವರ ಮುಖದ ಮೇಲೆ ನೀಲಿ ಬೆಳಕು ಬಿದ್ದಿತ್ತು.

"ಹಾಗಾದ್ರೆ ಹೋಗಿರಲಿಲ್ವಾ?"

"ಇಲ್ಲ ಅತ್ತೆ. ಹೋಗಿಲ್ಲ."

ಬೈಯಲಿ ಎಂದು ಸೊಸೆ ಕಾದಳು. ಅತ್ತೆ ಬೈಯಲಿಲ್ಲ. ಅವಳ ಕೈಯಲ್ಲಿದ್ದ ಹೊದಿಕೆಯನ್ನು ಮುಟ್ಟಿ, ಅದರ ಹೊಲಿಗೆಯುದ್ದಕ್ಕೂ ಬೆರಳಾಡಿಸಿದರು.

"ಮೂರು ದಿನ ಒದ್ದಾಡಿ ಹೇಗೋ ಒಪ್ಪಿಕೊಂಡಿದ್ದೆ ಕಣೇ. ಇನ್ನು ಅದು ಹೋಗೋದನ್ನ ಮತ್ತೆ ಮೊದಲಿಂದ ಕಾಯಬೇಕು."

ಮರುದಿನ ಬೆಳಿಗ್ಗೆ ಸೊಸೆ ತೊಟ್ಟಿಯ ಸ್ವಿಚ್ ಒತ್ತಿ ಕಾದು ನಿಂತಳು. ಗಾಜು ತಿಳಿಯಾಗಿತ್ತು. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು.

"ಲೈಟು ಹಾಕಿದೀನಿ ಅತ್ತೆ."

"ಹಾಕಿರು," ಎಂದರು ಅತ್ತೆ, ತಿರುಗದೆ. "ಮೀನಿಗೆ ಬೇಕಲ್ಲ."